ಆರು ನಿಮಿಷದಕ್ಕನ ಮೂವತ್ತು ಮೀಟರು

ಲೋಕದಲ್ಲಿ ಎಷ್ಟೋ ಸಾಮ್ರಾಜ್ಯಗಳು ಆಗಿಹೋಗಿವೆ. ಅವುಗಳ ಎಲ್ಲೆ ಎಲ್ಲಿಂದ ಎಲ್ಲಿಯವರೆಗಿತ್ತು ಎಂಬುದರ ಬಗ್ಗೆ ಪಂಡಿತರು ಇವತ್ತಿಗೂ ಜುಟ್ಟು ಹಿಡಿದು ಜಗಳವಾಡುತ್ತಾರೆ. ಆರು ನಿಮಿಷದಕ್ಕನ ಸಾಮ್ರಾಜ್ಯದ ವಿಷಯದಲ್ಲಿ ಆ ತಕರಾರಿಲ್ಲ. ಅದು ಸರಿಯಾಗಿ ಮೂವತ್ತು ಮೀಟರು ಉದ್ದ, ಎರಡೂಕಾಲು ಮೀಟರು ಅಗಲ. ಪೂರ್ವದ ಗಡಿಯಲ್ಲಿ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಶಂಕು, ಪಶ್ಚಿಮದ ಗಡಿಯಲ್ಲಿ ಅದರ ಅವಳಿ. ಎರಡರ ಪಕ್ಕದಲ್ಲೂ ಒಂದೊಂದು ಕುರ್ಚಿ. ನೆಲದ ಮೇಲೆ ಮೂರು ಮೀಟರಿಗೊಂದು ಬಣ್ಣದ ಪಟ್ಟಿ. ಒಂದು ಪಕ್ಕದ ಗೋಡೆಯಲ್ಲಿ ಮೂರು ಬಾಗಿಲು, ಇನ್ನೊಂದು ಪಕ್ಕದಲ್ಲಿ ಒಂದೇ ಒಂದು ಕಿಟಕಿ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹೃದಯದ ವಿಭಾಗದ ಬೆನ್ನಿಗಿದ್ದ ಈ ಕಾರಿಡಾರನ್ನು ಅಕ್ಕ ಇಪ್ಪತ್ತೆರಡು ವರ್ಷ ಆಳಿದಳು. ರಾಜದಂಡವಾಗಿ ಅವಳ ಕೈಯಲ್ಲಿ ಒಂದು ಹಳೆಯ ಸ್ಟಾಪ್‌ವಾಚು.

ಪ್ರಜೆಗಳೆಂದರೆ ಹೃದಯ ಸೋತವರು. ಇಂಥವರ ಹೃದಯ ನಿಂತಿರುವುದಿಲ್ಲ. ಆದರೆ ಮೈ ಕೇಳಿದಷ್ಟು ರಕ್ತವನ್ನು ಎತ್ತಿ ಕಳಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಎಷ್ಟು ಸೋತಿದೆ ಎಂದು ನೋಡಲು ಕೆಳಗಿನ ಮಹಡಿಯಲ್ಲಿ ದೊಡ್ಡ ದೊಡ್ಡ ಯಂತ್ರಗಳಿದ್ದವು. ಅವು ಹೃದಯದ ಚಿತ್ರ ಬರೆಯುತ್ತಿದ್ದವು, ಅದರ ಬಡಿತಕ್ಕೆ ಗೆರೆ ಎಳೆಯುತ್ತಿದ್ದವು. ಆದರೆ ಈ ಹೃದಯವನ್ನು ಹೊತ್ತುಕೊಂಡ ಮನುಷ್ಯ ಮನೆಯಿಂದ ಬಸ್ ನಿಲ್ದಾಣದವರೆಗೆ ಹೋಗಬಲ್ಲನೇ, ಬಟ್ಟೆ ಒಗೆದು ಹಿಂಡಬಲ್ಲನೇ ಎಂದು ಕೇಳಿದರೆ ಯಂತ್ರಗಳು ತೆಪ್ಪಗಿರುತ್ತಿದ್ದವು. ಅದನ್ನು ಹೇಳಲು ಅಕ್ಕನೇ ಬೇಕಾಗಿತ್ತು. ರೋಗಿಯ ಬೆರಳಿಗೆ ಆಮ್ಲಜನಕ ತೋರಿಸುವ ಕ್ಲಿಪ್ಪು ಸಿಕ್ಕಿಸಿ, ಆರು ನಿಮಿಷ ಈ ಶಂಕುವಿನಿಂದ ಆ ಶಂಕುವಿಗೆ ನಡೆಸಿ, ಎಷ್ಟು ಮೀಟರು ಆಯಿತೆಂದು ರಿಜಿಸ್ಟರಿನಲ್ಲಿ ಬರೆಯುವಳು. ಡಾಕ್ಟರು ಮಾತ್ರೆ ಹೆಚ್ಚಿಸುವುದು, ಕಡಿಮೆ ಮಾಡುವುದು, ಆಸ್ಪತ್ರೆಗೆ ಸೇರಿಸುವುದು ಎಲ್ಲಕ್ಕೂ ಆ ಅಂಕಿಯನ್ನು ನೋಡುತ್ತಿದ್ದರು.

ನಡಿಗೆಯ ಹೊತ್ತಿನಲ್ಲಿ ಆಡಬಹುದಾದ ಮಾತುಗಳು ಮೊದಲೇ ಗೊತ್ತಾಗಿದ್ದವು. 'ಚೆನ್ನಾಗಿ ನಡೀತಾ ಇದ್ದೀರಿ. ಇನ್ನು ಐದು ನಿಮಿಷ ಇದೆ.' ಮುಂದಿನ ನಿಮಿಷಕ್ಕೆ, 'ಚೆನ್ನಾಗಿ ನಡೀತಾ ಇದ್ದೀರಿ. ಇನ್ನು ನಾಲ್ಕು ನಿಮಿಷ ಇದೆ.' ಅಷ್ಟೇ, ಒಂದಕ್ಷರ ಹೆಚ್ಚಿಲ್ಲ. ಶಭಾಷ್ ಅನ್ನುವಂತಿಲ್ಲ, ಬೇಗ ಬೇಗ ಅನ್ನುವಂತಿಲ್ಲ, ಅಯ್ಯೋ ಪಾಪ ಅನ್ನುವಂತೆ ಮೊದಲೇ ಇಲ್ಲ. ಹುರಿದುಂಬಿಸಿದರೆ ಮನುಷ್ಯ ತನ್ನಲ್ಲಿಲ್ಲದ ಮೂವತ್ತು ಮೀಟರನ್ನು ಎಲ್ಲಿಂದಲೋ ತಂದು ನಡೆದುಬಿಡುತ್ತಾನೆ. ಆಮೇಲೆ ಮನೆಯಲ್ಲಿ ಅವನನ್ನು ಹುರಿದುಂಬಿಸುವವರು ಯಾರು? ದಣಿದವರು ನಿಲ್ಲಬಹುದು, ಗೋಡೆಗೆ ಒರಗಬಹುದು, ಕೂರಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ.

ಇನ್ನು ಆ ಕಿಟಕಿಯ ಕಥೆ. ಅದು ಕಾರಿಡಾರಿನ ನಟ್ಟನಡುವೆ ಇತ್ತು. ದಣಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದವರೆಲ್ಲ ಅದರ ಎದುರು ನಿಲ್ಲುತ್ತಿದ್ದರು. ಹೊರಗೆ ಏನೋ ಭಾರಿ ನೋಟವಿದೆ ಎಂಬಂತೆ ಕತ್ತು ಉದ್ದ ಮಾಡುತ್ತಿದ್ದರು. 'ಏನು ಗಾಳಿ ಅಲ್ವಾ ಅಕ್ಕ' ಎನ್ನುವವರು ಕೆಲವರು. 'ಈ ಕಡೆಯಿಂದ ಆಸ್ಪತ್ರೆ ನೋಡೇ ಇರಲಿಲ್ಲ' ಎನ್ನುವವರು ಕೆಲವರು. ಅಕ್ಕ ಏನೂ ಹೇಳದೆ ರಿಜಿಸ್ಟರಿನ 'ಎಷ್ಟು ಸಲ ನಿಂತರು' ಎಂಬ ಕಾಲಮ್ಮಿನಲ್ಲಿ ಒಂದು ಗೀಟು ಎಳೆಯುವಳು. ಅವಳ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ನಡಿಗೆಗೆ ಮೊದಲು ಪ್ರಶ್ನೆಗಳ ಸರದಿ. ಅಕ್ಕನ ಪ್ರತಾಪವನ್ನು ಕಣ್ಣಾರೆ ನೋಡಬೇಕಾದರೆ ಅಲ್ಲಿ ಕೂತು ನೋಡಬೇಕು. ಒಮ್ಮೆ ದಪ್ಪ ಮೀಸೆಯ ಬಡಗಿಯೊಬ್ಬ ಬಂದು ಎದೆಯುಬ್ಬಿಸಿ ಕೂತ.

"ಏನೇನು ತೊಂದರೆ ಇದೆ?"

"ಏನೂ ಇಲ್ಲ ಅಕ್ಕ. ಕಲ್ಲಿನ ಹಾಗಿದೀನಿ."

"ಮೆಟ್ಟಿಲು ಹತ್ತಿದರೆ ಏದುಸಿರು ಬರಲ್ವಾ?"

"ಬರಲ್ಲ."

"ಕೊನೇ ಸಲ ಮೆಟ್ಟಿಲು ಹತ್ತಿದ್ದು ಯಾವಾಗ?"

ಬಡಗಿ ಮೀಸೆ ನೇವರಿಸಿಕೊಂಡ. "ಹತ್ತೋ ಅಗತ್ಯ ಬಂದಿಲ್ಲ. ಮಂಚ ಕೆಳಗೇ ಹಾಕಿಸ್ಕೊಂಡಿದೀನಿ."

"ಕೆಲಸ?"

"ಮಕ್ಕಳು ನೋಡ್ಕೋತಾರೆ. ನಾನು ಕೂತು ಹೇಳ್ತೀನಿ."

"ಸ್ನಾನ?"

"ಸ್ಟೂಲ್ ಇದೆ."

"ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ?"

"ಮೂರು." ಆಮೇಲೆ ಆತ ಮೆಲ್ಲಗೆ ಸೇರಿಸಿದ, "ಕತ್ತು ನೋವು ಅಕ್ಕ, ಅದಕ್ಕೆ."

ಅಕ್ಕ ತಲೆಯೆತ್ತದೆ ಬರೆದುಕೊಂಡಳು. ಈ ರೋಗದ ಕಳ್ಳಹೆಜ್ಜೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಮನುಷ್ಯನನ್ನು ನೂಕಿ ಬೀಳಿಸುವುದಿಲ್ಲ. ಒಂದೊಂದೇ ಕೆಲಸವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸುತ್ತದೆ. ಅವನು ಮೆಟ್ಟಿಲು ಬಿಡುತ್ತಾನೆ, ಮಾರುಕಟ್ಟೆ ಬಿಡುತ್ತಾನೆ, ಕೊನೆಗೆ ಚಪ್ಪಲಿ ಹಾಕಿಕೊಳ್ಳುವಾಗ ಬಗ್ಗುವುದನ್ನೂ ಬಿಟ್ಟು, ನನಗೇನೂ ಆಗಿಲ್ಲ ಎನ್ನುತ್ತಾನೆ. ಏನೂ ಮಾಡದವನಿಗೆ ಏನಾದರೂ ಆಗುವುದಾದರೂ ಹೇಗೆ? 'ಏನಾಗುತ್ತೆ ಅಂತ ಕೇಳಬಾರದು, ಏನು ಬಿಟ್ರಿ ಅಂತ ಕೇಳಬೇಕು' ಎಂದು ಅಕ್ಕ ಹೊಸ ಡಾಕ್ಟರುಗಳಿಗೇ ಪಾಠ ಹೇಳಿದ್ದುಂಟು.

ಇಷ್ಟೆಲ್ಲ ತಿಳಿದ ಮಹಾರಾಣಿಯ ಅರಮನೆಗೆ ಈಗ ಹೋಗೋಣ.

ಅರಮನೆ ಎಂದರೆ ಎರಡು ಅಂತಸ್ತಿನ ಕಿರಿದಾದ ಮನೆ. ಕೆಳಗೆ ಅಕ್ಕ ಮತ್ತು ಗಡಿಯಾರ ರಿಪೇರಿ ಮಾಡುವ ಅವಳ ಗಂಡ. ಮೇಲೆ ಗಂಡನ ತಂಗಿ. ನಡುವೆ ಹದಿನೆಂಟು ಮೆಟ್ಟಿಲು. ಬಟ್ಟೆ ಒಣಗಿಸುವ ತಾರಸಿಗೆ ಹೋಗಬೇಕಾದರೆ ಆ ಹದಿನೆಂಟನ್ನೂ ಹತ್ತಿ, ನಾದಿನಿಯ ಬಾಗಿಲ ಮುಂದೆ ಹಾದು, ಇನ್ನೂ ಹದಿಮೂರು ಹತ್ತಬೇಕು. ಇಪ್ಪತ್ತೈದು ವರ್ಷ ಅತ್ತಿಗೆ ನಾದಿನಿಯರು ಆ ಮೆಟ್ಟಿಲಿನ ಮೇಲೆ ಕೂತು ಮಾತಾಡಿ ಮಾತಾಡಿ ಐದನೇ ಮೆಟ್ಟಿಲನ್ನು ನುಣ್ಣಗೆ ಸವೆಸಿದ್ದರು.

ಏಳು ತಿಂಗಳ ಹಿಂದೆ ಮಹಾಯುದ್ಧ ಶುರುವಾಯಿತು. ನಾದಿನಿ ತನ್ನ ಹಾಸಿಗೆಯ ಹೊದಿಕೆಗೆ ಜಾಗ ಮಾಡಲು ತಂತಿಯ ಮೇಲಿದ್ದ ಅಕ್ಕನ ಬಟ್ಟೆಗಳನ್ನು ನೆರಳಿಗೆ ಸರಿಸಿದ್ದಳು. ಬೇರೆ ಕಾಲದಲ್ಲಾದರೆ ಇದಕ್ಕೆ ಎರಡು ಚುಚ್ಚು ಮಾತು ಸಾಕಾಗುತ್ತಿತ್ತು. ಆದರೆ ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು, ಕಂಬಿ ಹಿಡಿದುಕೊಂಡು, "ಇನ್ನು ನಿನ್ನ ಹೊಸಿಲು ತುಳಿಯಲ್ಲ" ಎಂದು ಘೋಷಿಸಿದಳು. ಅಂದಿನಿಂದ ಒದ್ದೆ ಬಟ್ಟೆಯ ಬಕೆಟ್ಟನ್ನು ಗಂಡ ಹೊರಬೇಕಾಯಿತು. ನಾದಿನಿ ಹದಿನೈದು ದಿನಕ್ಕೊಮ್ಮೆ ರಾಜಿಗೆ ಇಳಿದು ಬರುವಳು. ಅಕ್ಕ ಆ ಹೊದಿಕೆಯ ಮಾತನ್ನು ಮತ್ತೆ ಎತ್ತುವಳು. ನಾದಿನಿ ಮೂಗು ಮುರಿದು ಮೇಲೆ ಹೋಗುವಳು. ಯುದ್ಧ ನಿಲ್ಲದಂತೆ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ರಾಜಿಯಾದರೆ ಹತ್ತಬೇಕಾಗುತ್ತಿತ್ತಲ್ಲ.

ಇದನ್ನು ಅವಳು ತನಗೆ ತಾನೇ ಹೀಗೆ ಹೇಳಿಕೊಂಡಿರಲಿಲ್ಲ. ನಾದಿನಿಯ ಸೊಕ್ಕು ಮುರಿಯಬೇಕು, ಅಷ್ಟೇ. ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುವುದು ಮಂಡಿ ನೋವಿಗೆ. ಅಲಾರಂ ಇಪ್ಪತ್ತು ನಿಮಿಷ ಹಿಂದಕ್ಕೆ ಬಂದದ್ದು ಬಸ್ಸುಗಳು ಸರಿಯಿಲ್ಲದ್ದಕ್ಕೆ. ಸಂಜೆ ಕಾಲ್ಚೀಲ ಬಿಚ್ಚಿದರೆ ಕಣಕಾಲಿನ ಸುತ್ತ ಉಂಗುರ ಮೂಡಿರುವುದು ಹೊಸ ಕಾಲ್ಚೀಲದ ಬಿಗಿಗೆ. ಮತ್ತು ದಿಂಬು ಒಂದು ಇದ್ದದ್ದು ಎರಡಾಗಿ, ಎರಡು ಇದ್ದದ್ದು ಮೂರಾದದ್ದು ಯಾಕೆಂದು ಗಂಡ ಕೇಳಿದಾಗ ಮಹಾರಾಣಿ, ಒಂದು ಕ್ಷಣವೂ ತಡವರಿಸದೆ, ಕತ್ತು ನೋವು ಎಂದಳು.

ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದವನು ಸ್ವಲ್ಪ ಹೊತ್ತು ಅವಳ ಕಡೆ ನೋಡಿದ. ಆಮೇಲೆ ಮತ್ತೆ ಗಡಿಯಾರಕ್ಕೆ ಬಗ್ಗಿದ. ನಿಧಾನವಾಗಿ ಹಿಂದೆ ಬೀಳುವ ವಸ್ತುಗಳ ಜೊತೆ ಜೀವಮಾನ ಕಳೆದವನಿಗೆ ಬಾಯಿ ಹಾಕುವುದಕ್ಕಿಂತ ಕಾಯುವುದು ಅಭ್ಯಾಸ.

ಅಕ್ಕನಿಗೆ ಐವತ್ತಾರು. ನಿವೃತ್ತಿಗೆ ಎರಡು ವರ್ಷ. ಕಾರಿಡಾರಿನಲ್ಲಿ ನಡೆಯಲಾರದವರನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಕಳಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಸತ್ತವರ ಫೈಲುಗಳನ್ನು ದಾರದಲ್ಲಿ ಕಟ್ಟುವ ಕೆಲಸ ಅಲ್ಲಿಯದು. ಸಾಮ್ರಾಜ್ಯ ಕಳೆದುಕೊಂಡ ರಾಣಿಗೆ ವನವಾಸವಾದರೆ ಮರಗಿಡವಾದರೂ ಇರುತ್ತದೆ. ಅಲ್ಲಿ ಇದ್ದದ್ದು ಒಂದು ಟ್ಯೂಬ್‌ಲೈಟು. ಇನ್ನೆರಡು ವರ್ಷ ಹೇಗಾದರೂ ನಡೆದುಬಿಟ್ಟರೆ ಆಯಿತು ಎಂದುಕೊಂಡು ಅವಳು ದಿನವೂ ಬೆಳಿಗ್ಗೆ ಎರಡು ಶಂಕುಗಳನ್ನು ಇಡುತ್ತಿದ್ದಳು. ಒಂದನ್ನು ಇಟ್ಟು ಇನ್ನೊಂದನ್ನು ಇಡುವಷ್ಟರಲ್ಲಿ ಕೂರಬೇಕೆನಿಸುತ್ತಿತ್ತು. ಎರಡು ಕುರ್ಚಿ ಇದ್ದದ್ದು ಒಳ್ಳೆಯದಾಯಿತು.

ಹೀಗಿರುವಾಗ ಒಂದು ಗುರುವಾರ ಕಂಡಕ್ಟರು ಬಂದರು.

ಕಂಡಕ್ಟರು ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ವಯಸ್ಸು ಅರವತ್ತೊಂಬತ್ತಾದರೂ ಎಲ್ಲರಂತೆ ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಾಲ್ಕು ವರ್ಷದಿಂದ ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು, ತಪ್ಪದೆ ಮುನ್ನೂರ ನಲವತ್ತರ ಆಚೀಚೆ ನಡೆದು ಹೋಗುವರು. ಹಿಂದಿನ ಸಲ ತಲೆ ತಿರುಗಿದಂತಾಗಿದ್ದರಿಂದ, ಇನ್ನು ಮೇಲೆ ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಅಕ್ಕನೂ ನಡೆಯಬೇಕೆಂದು ಹೃದಯ ವಿಭಾಗದ ಡಾಕ್ಟರಮ್ಮ ಬರೆದಿದ್ದರು. ಪಕ್ಕದಲ್ಲಿ ನಡೆದರೆ ಅವರ ವೇಗ ಕೆಡುತ್ತದೆ, ಆದ್ದರಿಂದ ಹಿಂದೆ.

ಮೊದಲ ಮೂರು ನಿಮಿಷ ಸುಸೂತ್ರ. ಕಂಡಕ್ಟರು ಓಡುವ ಬಸ್ಸಿನಲ್ಲಿ ನಿಂತವರಂತೆ ಕಾಲು ಅಗಲಿಸಿ ನಡೆಯುವರು. ಹಿಂದೆ ಅಕ್ಕ. "ಚೆನ್ನಾಗಿ ನಡೀತಾ ಇದ್ದೀರಿ," ಎಂದಳು. ಉಸಿರು ತೆಗೆದುಕೊಂಡಳು. "ಇನ್ನು ಮೂರು." ಮತ್ತೆ ಉಸಿರು. "ನಿಮಿಷ ಇದೆ."

ಕಿಟಕಿಯ ಹತ್ತಿರ ಬಂದಾಗ ಕಂಡಕ್ಟರು ನಿಂತುಬಿಟ್ಟರು. ಮೂವತ್ತೊಂದು ವರ್ಷ ತಿರುಗಿ ನೋಡದೆಯೇ ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಇಳಿದರು ಎಂದು ಕಿವಿಯಲ್ಲೇ ತಿಳಿದವರು ಅವರು. ಹಿಂದಿನ ಹೆಜ್ಜೆ ನಿಂತದ್ದು ಅವರಿಗೆ ಕೇಳಿಸಿತ್ತು. ತಿರುಗಿದರೆ, ಅಕ್ಕ ಎರಡೂ ಕೈಯಲ್ಲಿ ಕಿಟಕಿಯ ಕಟ್ಟೆ ಹಿಡಿದು ಹೊರಗೆ ನೋಡುತ್ತಿದ್ದಾಳೆ. ಭುಜ ಮೇಲೆ ಕೆಳಗೆ ಆಗುತ್ತಿದೆ.

"ಏನಕ್ಕ, ಏನಿದೆ ಹೊರಗೆ?"

"ಏನಿಲ್ಲ. ನಡೀರಿ."

"ನೀವು ಬನ್ನಿ, ನಡೀತೀನಿ."

"ನಿಮ್ಮ ಟೈಮು. ಓಡ್ತಾ ಇದೆ."

"ಓಡ್ಲಿ ಬಿಡಿ. ನಮ್ಮಿಬ್ಬರಲ್ಲಿ ಯಾರೂ ಓಡೋ ಹಾಗೆ ಕಾಣಲ್ಲ. ಪ್ಯಾಸೆಂಜರ್ ಹತ್ತೋವರೆಗೂ ನಾನು ಬಸ್ ಬಿಟ್ಟೋನಲ್ಲ."

ಅಕ್ಕ ಹಲ್ಲು ಕಚ್ಚಿ ನಿಂತಳು. ಹಣೆಯ ಮೇಲೆ ತಣ್ಣನೆಯ ಬೆವರು. ಅವಳ ಕೈಯಲ್ಲಿದ್ದ ಸ್ಟಾಪ್‌ವಾಚು ಯಾರ ಮುಲಾಜೂ ಇಲ್ಲದೆ ಒಂದು ನಿಮಿಷ ಹದಿನೈದು ಸೆಕೆಂಡು ಓಡಿತು. ಆಮೇಲೆ ಇಬ್ಬರೂ ಹೊರಟರು. ಉಳಿದ ದಾರಿಯನ್ನು ಕಂಡಕ್ಟರು ಬೇಕೆಂದೇ ನಿಧಾನವಾಗಿ ನಡೆದರು, ಹಿಂದಿನ ಹೆಜ್ಜೆಯನ್ನು ಕೇಳಿಸಿಕೊಳ್ಳುತ್ತ. ಮುಗಿದಾಗ ಇನ್ನೂರ ಐವತ್ತೆಂಟು ಮೀಟರು. ಒಂದು ಸಲ ನಿಂತರು.

ಅಕ್ಕ ಅದನ್ನೇ ಬರೆದಳು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಂಜೆ ಫೈಲುಗಳನ್ನು ಜೋಡಿಸುವಾಗ ಕಂಡಕ್ಟರ ಫೈಲಿನ ಮೇಲೆ ಡಾಕ್ಟರಮ್ಮನ ಅಕ್ಷರ ಕಂಡಿತು: ನಡಿಗೆ ಏಕಾಏಕಿ ಕುಸಿದಿದೆ, ರೋಗಿಯೂ ದಣಿವು ಹೆಚ್ಚಿದೆ ಎನ್ನುತ್ತಾರೆ, ಸೋಮವಾರ ದಾಖಲು, ಹೃದಯದೊಳಕ್ಕೆ ನಳಿಕೆ ಇಳಿಸಿ ಒತ್ತಡ ನೋಡುವುದು. ಅಕ್ಕ ಫೈಲುಗಳನ್ನು ಅಲ್ಲೇ ಬಿಟ್ಟಳು. ಲಿಫ್ಟಿನಲ್ಲಿ ಕೆಳಗಿಳಿದು ನೋಡಿದರೆ, ಪುಣ್ಯಕ್ಕೆ, ಕಂಡಕ್ಟರು ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಇನ್ನೂ ಕೂತಿದ್ದರು.

ಅಕ್ಕ ಪಕ್ಕದಲ್ಲಿ ಕೂತು ಸುಧಾರಿಸಿಕೊಂಡಳು. "ದಣಿವು ಹೆಚ್ಚಿದೆ ಅಂತ ಯಾಕೆ ಹೇಳಿದ್ರಿ ಕಂಡಕ್ಟ್ರೇ?"

"ಮತ್ತೆ ಯಾಕೆ ನಿಂತ್ರಿ ಅಂತ ಕೇಳಿದ್ರು. ಏನಾದ್ರೂ ಹೇಳಬೇಕಲ್ಲ."

"ನಿಜ ಹೇಳೋದು."

"ನಿಜ ಹೇಳಿದ್ರೆ ನಿಮ್ಮನ್ನ ಇಳಿಸಿಬಿಡ್ತಾರೆ." ಕಂಡಕ್ಟರು ಮಾತ್ರೆಯ ಚೀಟಿಯನ್ನು ಟಿಕೆಟ್ಟಿನಂತೆ ಉದ್ದಕ್ಕೆ ಮಡಚಿದರು. "ಮೂವತ್ತೊಂದು ವರ್ಷ ಟಿಕೆಟ್ ಇಲ್ಲದೋರನ್ನ ದಾರಿ ಮಧ್ಯೆ ಇಳಿಸಿದೀನಿ ಅಕ್ಕ. ಒಬ್ಬರನ್ನಾದ್ರೂ ಕೂರಿಸ್ಕೊಂಡು ಹೋಗೋಣ ಅನ್ನಿಸ್ತು."

"ಸೋಮವಾರ ನಿಮ್ಮ ಮೈಯೊಳಗೆ ನಳಿಕೆ ಹಾಕ್ತಾರೆ, ಗೊತ್ತಾ?"

"ಹಾಕ್ಲಿ. ಇದುವರೆಗೆ ಹಾಕದೆ ಬಿಟ್ಟಿರೋದು ಏನಿದೆ?"

ಅವರು ನಕ್ಕರು. ಆದರೆ ಚೀಟಿ ಮಡಚುವ ಬೆರಳು ನಗುತ್ತಿರಲಿಲ್ಲ. ಅಕ್ಕನಿಗೆ ಅದು ಕಾಣದೆ ಇರಲಿಲ್ಲ; ಕಾಣುವುದೇ ಅವಳ ಉದ್ಯೋಗ.

ಮನೆಗೆ ಬಂದಾಗ ನಾದಿನಿ ಒಣಗಿದ ಬಟ್ಟೆಗಳ ರಾಶಿ ಹಿಡಿದು ಕೆಳಗಿಳಿದಿದ್ದಳು. ಹದಿನೈದು ದಿನದ ರಾಜಿ ಮಾತುಕತೆಯ ದಿನ ಅದು.

"ನಿನ್ನ ಬಟ್ಟೆ ಬಿಸಿಲಲ್ಲೇ ಒಣಗಿಸಿದೀನಿ ಅತ್ತಿಗೆ. ನೋಡ್ಕೋ, ಬೇಕಾದ್ರೆ ಮೂಸಿ ನೋಡು."

"ಆ ಹೊದಿಕೆ," ಎಂದು ಅಕ್ಕ ಶುರು ಮಾಡಿದಳು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು.

ನಾದಿನಿ ಕಾದಳು. ಬಟ್ಟೆಯ ರಾಶಿಯನ್ನು ಮೇಜಿನ ಮೇಲಿಟ್ಟಳು. "ಏಳು ತಿಂಗಳಿಂದ ನೋಡ್ತಿದೀನಿ. ಮೊದಲೆಲ್ಲ ಒಂದು ಬೈಗುಳ ಶುರು ಮಾಡಿದ್ರೆ ನಮ್ಮ ತಾತ ಮುತ್ತಾತನ ತನಕ ಹೋಗಿ ಬರ್ತಿದ್ದೆ. ಈಗ ಎರಡು ಪದ ಆಡ್ತೀಯ, ನಿಲ್ತೀಯ. ನಾನು ಕೋಪ ಅಂದ್ಕೊಂಡಿದ್ದೆ. ನಿನಗೆ ಜಗಳ ಆಡೋಕೂ ಉಸಿರಿಲ್ಲ ಕಣೇ."

ಗಂಡ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

ಅಕ್ಕ ಗಂಡನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ?"

"ದಿಂಬು ಎಣಿಸೋಕೆ ಡಾಕ್ಟರಿಕೆ ಓದಬೇಕಾ?"

"ಒಂದು ಮಾತು ಹೇಳಬಾರದಿತ್ತಾ ರೀ?"

"ಹೇಳಿದ್ರೆ ಕತ್ತು ನೋವು ಅಂತಿದ್ದೆ. ಊರೋರನ್ನೆಲ್ಲ ಪರೀಕ್ಷೆ ಮಾಡೋಳು ನೀನು. ನಿನ್ನನ್ನ ಪರೀಕ್ಷೆ ಮಾಡೋಕೆ ನಾನ್ಯಾರು?"

ಅಕ್ಕ ಕೂತಳು. ಕೂತಲ್ಲೇ, ಯಾರೂ ಕೇಳದೆ, ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ತಾರಸಿ. ಮೆಟ್ಟಿಲು. ಒಗೆಯುವಾಗ ಹಿಂಡುವುದು. ತಲೆ ಬಾಚುವಾಗ ಕೈ ಮೇಲೆತ್ತಿ ಹಿಡಿಯುವುದು. ಮಲಗಿದರೆ ಮುಳುಗಿದಂತಾಗುವುದು. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿಂದ ಬರೆದುಕೊಂಡ ಪಟ್ಟಿ ಅದೇ ಕ್ರಮದಲ್ಲಿ ಅವಳ ಬಾಯಿಂದ ಬಂತು. ಮಧ್ಯೆ ಮಧ್ಯೆ ನಿಲ್ಲಬೇಕಾಯಿತು. ನಾದಿನಿ ಬಟ್ಟೆ ಮಡಚುತ್ತ ಕೇಳಿಸಿಕೊಂಡಳು. ಅಣ್ಣನ ಅಂಗಿಯೊಂದನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಮಡಚಿದಳು.

ಮರುದಿನ ಶುಕ್ರವಾರ ಅಕ್ಕ ಶಂಕುಗಳನ್ನು ಇಡದೆ ನೇರವಾಗಿ ಡಾಕ್ಟರಮ್ಮನ ಕೋಣೆಗೆ ಹೋದಳು.

"ಕಂಡಕ್ಟರ ಅಂಕಿ ತಪ್ಪು ಡಾಕ್ಟ್ರೇ. ಅವರು ದಣಿದು ನಿಂತದ್ದಲ್ಲ. ನಾನು ನಿಂತೆ, ಅದಕ್ಕೆ ಅವರು ನಿಂತ್ರು."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಎದ್ದು ಬಂದು, "ಕಾಲ್ಚೀಲ ಇಳಿಸಿ" ಎಂದರು. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಅಲ್ಲಿ ಒಂದು ಗುಳಿ ಬಿತ್ತು. ಅದು ತುಂಬಿಕೊಳ್ಳುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು. ತುಂಬಿಕೊಳ್ಳಲು ಅದಕ್ಕೆ ಯಾವ ಅವಸರವೂ ಇರಲಿಲ್ಲ.

"ಎಷ್ಟು ದಿನದಿಂದ?"

"ಯುದ್ಧ ಶುರುವಾದಾಗಿಂದ," ಎಂದಳು ಅಕ್ಕ. ಆಮೇಲೆ ಬಿಡಿಸಿ ಹೇಳಬೇಕಾಯಿತು.

ಆವತ್ತೇ ಕೆಳಗಿನ ಮಹಡಿಯ ಯಂತ್ರಗಳು ಅಕ್ಕನ ಹೃದಯದ ಚಿತ್ರ ಬರೆದವು, ಬಡಿತದ ಗೆರೆ ಎಳೆದವು, ಸೋತಿದೆ ಎಂದವು. ನೀರಿಳಿಸುವ ಮಾತ್ರೆ ಶುರುವಾಯಿತು. ಶನಿವಾರ ಭಾನುವಾರ ಎರಡೂ ದಿನ ಮಹಾರಾಣಿ ಶೌಚಾಲಯಕ್ಕೂ ಹಾಸಿಗೆಗೂ ನಡುವೆ ದಂಡಯಾತ್ರೆ ನಡೆಸಿದಳು. ಭಾನುವಾರ ಎರಡೇ ದಿಂಬಿನಲ್ಲಿ ನಿದ್ದೆ ಬಂತು.

ಸೋಮವಾರ ಕಂಡಕ್ಟರು ಬಂದರು, ನಳಿಕೆಗಲ್ಲ, ಮರುನಡಿಗೆಗೆ. ಡಾಕ್ಟರಮ್ಮನೇ ಹಿಂದೆ ನಡೆದರು. ಮುನ್ನೂರ ನಲವತ್ತೆಂಟು. ಏದುಸಿರಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಕಂಡಕ್ಟರು ಮೂರು ಎಂದರು, ಗೆದ್ದ ಕುದುರೆಯಂತೆ. ಆಸ್ಪತ್ರೆಗೆ ಸೇರಿಸುವ ಚೀಟಿಯನ್ನು ಡಾಕ್ಟರಮ್ಮ ಅವರ ಎದುರಿಗೇ ಹರಿದರು. ಕಂಡಕ್ಟರು ಮನೆಗೆ ಹೋಗದೆ ಕಾರಿಡಾರಿನ ತುದಿಯ ಬೆಂಚಿನ ಮೇಲೆ ಸ್ಥಾಪಿತರಾದರು. ಅವರ ಪಕ್ಕದಲ್ಲಿ ಅಂಗಡಿ ಮುಚ್ಚಿ ಬಂದಿದ್ದ ಅಕ್ಕನ ಗಂಡ.

ಡಾಕ್ಟರಮ್ಮ ರಿಜಿಸ್ಟರು ತೆರೆದು ಅಕ್ಕನಿಗೆ ಪ್ರಶ್ನೆ ಕೇಳಿದರು. ಮೆಟ್ಟಿಲು, ಸ್ನಾನ, ಕೆಲಸ ಎಲ್ಲ ಸರಾಗವಾಗಿ ಮುಗಿಯಿತು.

"ದಿಂಬು?"

"ಎರಡು," ಎಂದಳು ಅಕ್ಕ.

ಅವಳ ಬೆನ್ನ ಹಿಂದೆ ಗಂಡ ಮೂರು ಬೆರಳು ಎತ್ತಿ ತೋರಿಸಿದ.

"ಎರಡು ನಿನ್ನೆಯಿಂದ," ಎಂದಳು ಅಕ್ಕ, ತಿರುಗದೆಯೇ. "ಮೊನ್ನೆವರೆಗೆ ಮೂರು. ಹಾಗೇ ಬರೀರಿ."

ಶಂಕುಗಳನ್ನು ಇಟ್ಟಾಗಿತ್ತು. ಬೆರಳಿಗೆ ಕ್ಲಿಪ್ಪು ಬಂತು. ಇಪ್ಪತ್ತೆರಡು ವರ್ಷ ಕಾವಲು ಕಾಯ್ದ ಗಡಿಯಿಂದ ಅಕ್ಕ ಮೊದಲ ಸಲ ಪ್ರಜೆಯಾಗಿ ಹೊರಟಳು. ಮೂವತ್ತು ಮೀಟರು ಇಷ್ಟು ಉದ್ದ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೆಲದ ಪಟ್ಟಿಗಳು ಒಂದೊಂದಾಗಿ ಬಹಳ ಯೋಚನೆ ಮಾಡಿ ಕಾಲಡಿಗೆ ಬರುತ್ತಿದ್ದವು. ಆ ಕಡೆಯ ಶಂಕು ಬಸ್ ತಪ್ಪಿಹೋದ ನಿಲ್ದಾಣದಂತೆ ದೂರದಲ್ಲಿ ಸುಮ್ಮನೆ ನಿಂತಿತ್ತು.

"ಬನ್ನಿ ಬನ್ನಿ, ಸೂಪರ್, ಇನ್ನೂ ಸ್ವಲ್ಪ ಜೋರಾಗಿ," ಎಂದರು ಡಾಕ್ಟರಮ್ಮ, ಪ್ರೀತಿ ತಡೆಯಲಾರದೆ.

ಅಕ್ಕ ನಡೆಯುತ್ತಲೇ ಕೈ ಎತ್ತಿದಳು. "ಹಾಗೆ. ಹುರಿದುಂಬಿಸ. ಬಾರದು ಡಾಕ್ಟ್ರೇ." ಈ ಒಂದು ವಾಕ್ಯಕ್ಕೆ ಅವಳ ಆರು ಮೀಟರು ಖರ್ಚಾಯಿತು.

"ಮತ್ತೆ ಏನು ಹೇಳಬೇಕು?"

ಬೆಂಚಿನಿಂದ ಕಂಡಕ್ಟರು ಗಂಟಲು ಸರಿಮಾಡಿಕೊಂಡರು. ನಾಲ್ಕು ವರ್ಷ ಕೇಳಿ ಬಾಯಿಪಾಠವಾದದ್ದನ್ನು, ಮುಂದಿನ ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದರು: "ಚೆನ್ನಾಗಿ ನಡೀತಾ ಇದ್ದೀರಿ. ಇನ್ನು ಮೂರು ನಿಮಿಷ ಇದೆ."

ನಾಲ್ಕನೇ ನಿಮಿಷದಲ್ಲಿ ಕಾಲು ತಾನಾಗಿ ಕಿಟಕಿಯ ಬಳಿ ನಿಂತಿತು. ಅಕ್ಕ ಕಟ್ಟೆ ಹಿಡಿದಳು. ಗುರುವಾರ ಇಲ್ಲಿ ನಿಂತಾಗ ಕಣ್ಣಿಗೆ ಕತ್ತಲೆ ಬಂದು ಏನೂ ಕಂಡಿರಲಿಲ್ಲ, ಇವತ್ತು ಕಂಡಿತು. ಎದುರು ಕಟ್ಟಡದ ಬೋಳು ಗೋಡೆ. ಅದರ ಮೇಲಿಂದ ಇಳಿದ ಒಂದು ತುಕ್ಕು ಹಿಡಿದ ಕೊಳವೆ. ಕೊಳವೆಯ ಮೊಣಕೈಯಲ್ಲಿ ಯಾರೋ ಸಿಕ್ಕಿಸಿ ಮರೆತ ನೆಲ ಒರೆಸುವ ಬಟ್ಟೆ. ಇಷ್ಟೇ. ಇಪ್ಪತ್ತೆರಡು ವರ್ಷ ಸಾವಿರಾರು ಜನ ಇದನ್ನು ನೋಡಿ ಎಷ್ಟು ಚೆನ್ನಾಗಿದೆ ಎಂದಿದ್ದರು. ಬಡಗಿಯೂ ಎಂದಿದ್ದ.

"ಅಕ್ಕ, ಏನಿದೆ ಹೊರಗೆ?" ಎಂದರು ಕಂಡಕ್ಟರು.

ಅಕ್ಕ ಕೈ ಆಡಿಸಿದಳು. ಉಸಿರನ್ನು ನಡಿಗೆಗೆ ಉಳಿಸಿಕೊಳ್ಳಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಹೊರಟಳು, ಮತ್ತೊಮ್ಮೆ ನಿಂತಳು, ಮತ್ತೆ ಹೊರಟಳು. ಸಮಯ ಮುಗಿದಾಗ ನಿಂತಲ್ಲಿಗೇ ಗಂಡ ಕುರ್ಚಿ ತಂದಿಟ್ಟ.

ಇನ್ನೂರ ಹದಿನಾರು ಮೀಟರು. ಡಾಕ್ಟರಮ್ಮ ಬರೆಯಹೊರಟಾಗ ಅಕ್ಕ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು, ಅಂಕಿಯನ್ನು ತನ್ನ ಕೈಯಲ್ಲೇ ಬರೆದಳು. 'ಎಷ್ಟು ಸಲ ನಿಂತರು' ಎಂಬ ಕಾಲಮ್ಮಿನಲ್ಲಿ ಎರಡು ಗೀಟು ಎಳೆದಳು.

"ಇನ್ನು ನೆಲಮಾಳಿಗೆ ತಾನೇ?" ಎಂದಳು, ಪೆನ್ನು ಹಿಂದಕ್ಕೆ ಕೊಡುತ್ತ.

ಡಾಕ್ಟರಮ್ಮ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಅದನ್ನ ನಿರ್ಧರಿಸೋದು ನಾನೊಬ್ಬಳೇ ಅಲ್ಲ. ನಡೆಸೋದಂತೂ ಇನ್ನು ಬೇರೆಯವರೇ. ಪ್ರಶ್ನೆ ಕೇಳೋಕೆ ಕುರ್ಚಿ ಸಾಕು, ಕಾಲು ಬೇಡ ಅಂತ ಬರೆದು ಕಳಿಸಿದೀನಿ. ಒಪ್ತಾರೋ ಇಲ್ವೋ ನೋಡೋಣ."

ಸಾಮ್ರಾಜ್ಯಗಳು ಮುಗಿಯುವಾಗ ಫಿರಂಗಿ ಹಾರುತ್ತವಂತೆ. ಇಲ್ಲಿ ಡಾಕ್ಟರಮ್ಮ ಎರಡು ಶಂಕುಗಳನ್ನು ಒಂದರೊಳಗೊಂದು ಕೂರಿಸಿ ಬಾಗಿಲ ಹಿಂದೆ ಇಟ್ಟರು. ಕಂಡಕ್ಟರು "ರೈಟ್" ಎಂದು ಎದ್ದರು.

ಆ ಸಂಜೆ ನಾದಿನಿ ಮೇಲಿಂದ ಕೂಗಿದಳು, ತಂತಿಯ ಮೇಲೆ ಯಾರ ಬಟ್ಟೆ ಎಲ್ಲಿರಬೇಕೆಂದು ಬಂದು ತೋರಿಸಬೇಕಂತೆ, ಇಲ್ಲದಿದ್ದರೆ ತಾನೇ ಬರುತ್ತಾಳಂತೆ. ಬೇಡ, ಎಂದಳು ಅಕ್ಕ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ನುಣ್ಣಗೆ ಸವೆದ ಐದನೆಯದರ ಮೇಲೆ ನಿಂತು, ಗೋಡೆಗೆ ಭುಜ ಕೊಟ್ಟಳು.

ನಾದಿನಿ ಮೇಲಿಂದ ಬಗ್ಗಿದಳು. "ಅಲ್ಲೇನು ನೋಡ್ತಾ ನಿಂತಿದೀಯ ಅತ್ತಿಗೆ?"

"ಏನೂ ನೋಡ್ತಿಲ್ಲ," ಎಂದಳು ಅಕ್ಕ. "ದಣಿವಾಗಿದೆ."

ನಾದಿನಿ ಚಪ್ಪಲಿ ಬಿಟ್ಟು ಹದಿಮೂರು ಮೆಟ್ಟಿಲು ಇಳಿದು ಬಂದು ಪಕ್ಕದಲ್ಲಿ ಕೂತಳು.